ಖಾನೇಷುಮಾರಿಯಲ್ಲಿ ಸಿಗದ ಮುತ್ತಾತ, ಜೊತೆಗೆ ‘ಕೋಂ’ ‘ಬಿನ್’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ,

ಪ್ರಶ್ನೆ ಒಂದೇ ಸಾಲಿನದು: ಹಳೆಯ ಕ್ರಯಪತ್ರದಲ್ಲಿ ‘ಕೋಂ’ (ಹೆಂಡತಿ), ‘ಬಿನ್’ (ಮಗ) ಎರಡೂ ಸಾಲಾಗಿ ಬಂದರೆ ಬಿನ್ ಯಾರಿಗೆ ಸೇರುತ್ತದೆ? ಆದರೆ ಅದರ ಹತ್ತಿರ ಬಂದ ದಾರಿ ಸ್ವಲ್ಪ ಉದ್ದ. ಬಿಡುವಿದ್ದಾಗ ಓದಿ.

ನಮ್ಮ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ 1921ರ ಜನಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು, 2022ರ ಜನವರಿಯಲ್ಲಿ ಜನರ ಕೈಗೆ ಬಿಟ್ಟರು. ಅವನ ಆಫೀಸಿನವನೊಬ್ಬ ತನ್ನ ಮುತ್ತಾತನ ಹಾಳೆ ಹುಡುಕಿ ತೆಗೆದನಂತೆ. ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು, ಕೆಳಗೆ ಮುತ್ತಾತನದೇ ಸಹಿ. ಅದನ್ನು ನೋಡಿದ ಮೇಲೆ ನಮ್ಮ ಹುಡುಗನಿಗೆ ತಡೆಯಲಾಗಲಿಲ್ಲ. “ಮಾವ, 1921ರಲ್ಲಿ ಮೈಸೂರಲ್ಲೂ ಸೆನ್ಸಸ್ ಆಗಿತ್ತಲ್ವಾ? ನಮ್ಮ ಹಾಳೆ ಎಲ್ಲಿದೆ ನೋಡಿ” ಅಂತ ಫೋನ್ ಮಾಡಿದ. ನಾನು ರಿಟೈರ್ ಆಗಿ ಮೈಸೂರಲ್ಲೇ ಇದ್ದೇನೆ. ಮನೆಯ ಇಂಥ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತವೆ.

ಆಗಿತ್ತು, ಸರಿ. ಮೈಸೂರು ಸೀಮೆಯಲ್ಲಿ 1871ರಲ್ಲೇ ಕ್ರಮವಾಗಿ ಜನರನ್ನು ಎಣಿಸಿದ್ದಾರೆ. ಇಡೀ ದೇಶವನ್ನು ಒಂದೇ ರಾತ್ರಿ ಎಣಿಸಿದ್ದು 1881ರ ಫೆಬ್ರವರಿ 17ಕ್ಕೆ. ಎಣಿಸುವವರಿಗೆ ಓಡಾಡಲು ಅನುಕೂಲವಾಗಲಿ ಅಂತ ಬೆಳದಿಂಗಳ ದಿನಗಳನ್ನೇ ನೋಡಿ ಇಡುತ್ತಿದ್ದರು. ದಪ್ಪ ದಪ್ಪ ವರದಿಗಳು ಇವತ್ತಿಗೂ ಸಿಗುತ್ತವೆ. ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು, ಯಾವ ಜಾತಿ, ಯಾವ ಕಸುಬು, ಎಲ್ಲ ಇದೆ. ಹೆಸರು ಮಾತ್ರ ಒಂದೂ ಇಲ್ಲ! ಹೆಸರಿದ್ದ ಮೂಲ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳುತ್ತಿರಲಿಲ್ಲ. ಈಗಿನ ಎಣಿಕೆಗಳದ್ದೂ ಅಷ್ಟೇ. ಒಬ್ಬೊಬ್ಬರ ಮಾಹಿತಿಯನ್ನು ಹೊರಗಿನವರು ನೋಡುವ ಹಾಗಿಲ್ಲ ಅಂತ 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ. ಇದನ್ನು ಹುಡುಗನಿಗೆ ಹೇಳಿದರೆ ಅವನು ನಂಬಲೇ ಇಲ್ಲ. “ಸರಿಯಾಗಿ ಹುಡುಕಿ ಮಾವ” ಅಂದ.

ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಮಾತುಗಳು.

ಮೊದಲನೆಯದು ‘ಖಾನೇಷುಮಾರಿ’. ಜನಗಣತಿ ಅನ್ನುವ ಮಾತು ಬರುವ ಮೊದಲು ನಮ್ಮ ಸೀಮೆಯಲ್ಲಿ ಇದ್ದದ್ದು ಇದೇ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರತ್ತೆ ಈಗಲೂ ‘ಕಾನೇಸುಮಾರಿ’ ಅನ್ನುತ್ತಾರೆ. ಪಾರಸಿಯಲ್ಲಿ ‘ಖಾನಾ’ ಅಂದರೆ ಮನೆ, ‘ಶುಮಾರಿ’ ಅಂದರೆ ಎಣಿಕೆ. ಕಾರ್ಖಾನೆ, ದವಾಖಾನೆಯಲ್ಲಿ ಇರುವುದೂ ಇದೇ ಖಾನೆ. (ಖಾನಾವಳಿಯನ್ನು ಇದಕ್ಕೆ ಸೇರಿಸಬೇಡಿ. ಅದು ತಿನ್ನುವ ಖಾನ, ಮರಾಠಿ ಕಡೆಯಿಂದ ಬಂದದ್ದು.) ಉರ್ದುವಿನಲ್ಲಿ ಜನರ ಎಣಿಕೆಗೆ ‘ಮರ್ದುಮ್ ಶುಮಾರಿ’ ಅಂತ ಬೇರೆ ಮಾತೇ ಇದೆ. ನಾವು ಮತ್ತು ಮರಾಠಿಯವರು ಮನೆ ಎಣಿಕೆಯ ಮಾತನ್ನೇ ಜನರ ಎಣಿಕೆಗೂ ಇಟ್ಟುಕೊಂಡೆವು. ಆ ಹೆಸರನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ನಾನು ಇಷ್ಟು ತಿರುಗಬೇಕಾಗಿಯೇ ಇರಲಿಲ್ಲ. ಮನೆ ಎಣಿಸಿದ ಪುಸ್ತಕದಲ್ಲಿ ತಾತನ ಹೆಸರು ಹುಡುಕುತ್ತಿದ್ದೆ.

ಅತ್ತೆ ಇದಕ್ಕೆ ತಮ್ಮದೇ ಅರ್ಥ ಕೊಟ್ಟರು. “ಸುಮಾರಾಗಿ ಬರ್ಕೊಂಡು ಹೋಗೋದ್ಕೇ ಸುಮಾರಿ ಅನ್ನೋದು ಕಣ್ಲಾ. ನಮ್ಮಟ್ಟೀಲಿ ಮೂರು ಒಲೆ ಉರೀತಿದ್ವು. ಮೂರು ಮನೆ ಅಂತ ಬರ್ಕೊಂಡ್ರು. ಇದ್ದುದ್ದು ಒಂದೇ ಬಾಗ್ಲು!” ನಗು ಬಂತು. ಆದರೆ ಎರಡೂ ಮಾತಿನಲ್ಲಿ ಹುರುಳಿದೆ. ಈಗಲೂ ಜನಗಣತಿಯಲ್ಲಿ ಒಂದು ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಇನ್ನು ನಮ್ಮ ‘ಸುಮಾರು’ ಕೂಡ ಅದೇ ‘ಶುಮಾರ್’ನಿಂದಲೇ ಬಂದದ್ದು. ಎಣಿಕೆ ಅನ್ನುವ ಮಾತು ನಮ್ಮ ಬಾಯಲ್ಲಿ ‘ಹೆಚ್ಚು ಕಡಿಮೆ’ ಆಗಿಬಿಟ್ಟಿದೆ. ಯಾವ ಶ್ಯಾನುಭೋಗರ ಲೆಕ್ಕ ನೋಡಿ ಈ ಅರ್ಥ ಬಂತೋ!

ಎರಡನೆಯದು ‘ಬೇಚಿರಾಕ್’. ಕಂದಾಯದ ಕಾಗದಗಳಲ್ಲಿ ಕೆಲವು ಊರುಗಳ ಮುಂದೆ ಬೇಚಿರಾಕ್ ಗ್ರಾಮ ಅಂತ ಇರುತ್ತದೆ. ಊರಿನ ಹೆಸರಿದೆ, ಎಲ್ಲೆ ಇದೆ, ಸರ್ವೆ ನಂಬರುಗಳಿವೆ, ಜನ ಇಲ್ಲ. ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಕಂದಾಯ ಇಲಾಖೆಯ ಕಾಗದದಲ್ಲಿ ಇಂಥ ಮಾತು ಇದೆಯಲ್ಲ ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತೆ. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. 1881ರಲ್ಲಿ ಎಣಿಸಿದರೆ 41,86,188. ನಡುವೆ ಧಾತು, ಈಶ್ವರ ಸಂವತ್ಸರಗಳ ಬರ ಬಂದು ಹೋಗಿತ್ತು. ಎಲ್ಲ ಬೇಚಿರಾಕ್ ಊರುಗಳೂ ಆ ಬರದಲ್ಲೇ ಹಾಳಾದವು ಅಂತಲ್ಲ. ರೋಗಕ್ಕೆ, ಜಗಳಕ್ಕೆ, ಕೆರೆ ಒಡೆದದ್ದಕ್ಕೆ ಬಿಟ್ಟ ಊರುಗಳೂ ಇರುತ್ತವೆ. ಆದರೆ ವಂಶ ಹುಡುಕುವವರಿಗೆ ಇದು ಕೆಲಸಕ್ಕೆ ಬರುವ ಮಾತು. “ನಮ್ಮ ಹಿರೀಕರು ಇಂಥ ಊರಿಂದ ಬಂದೋರು” ಅಂತ ಮನೆಯಲ್ಲಿ ಹೇಳುತ್ತಿದ್ದು, ಈಗ ಆ ಊರೇ ಇಲ್ಲದಿದ್ದರೆ ಬೇಚಿರಾಕ್ ಪಟ್ಟಿ ನೋಡಿ.

ಹಾಗೇ ಜಿಲ್ಲೆ, ತಾಲ್ಲೂಕಿನ ಹೆಸರುಗಳ ಬಗ್ಗೆಯೂ ಹುಷಾರು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದಿನದೆಲ್ಲ ಮೈಸೂರು ಜಿಲ್ಲೆಯಲ್ಲಿ ನೋಡಬೇಕು. ಕೃಷ್ಣರಾಜಪೇಟೆ ಮೊದಲು ಅತ್ತಿಗುಪ್ಪೆ. ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿತ್ತು, ಹಿರೋಡೆಯೂ ಹೌದು.

ಈಗ ನನ್ನ ಪ್ರಶ್ನೆ. ಕಡೆಗೂ ಹೆಸರು ಸಿಕ್ಕಿದ್ದು ಅತ್ತೆಯ ಮನೆಯ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯಲ್ಲಿ. ಛಾಪಾ ಕಾಗದದ ಮೇಲೆ ಬರೆದ ಒಂದು ಕ್ರಯಪತ್ರ, ರಕ್ತಾಕ್ಷಿ ಸಂವತ್ಸರದ್ದು, ಅಂದರೆ 1924. ಮಡಿಕೆಯ ಗೆರೆಯುದ್ದಕ್ಕೂ ಹರಿದಿದೆ. ಮೂಲೆಯಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು, ಅದರ ಸುತ್ತ “ಇದು ಅವರ ರುಜು” ಅಂತ ಬರೆದವರ ಅಕ್ಷರ. ಮೋಡಿ ಬರಹ, ಅಂದರೆ ಅಕ್ಷರಗಳನ್ನು ಕೂಡಿಸಿ ಬರೆದದ್ದು, ಓದಲು ಎರಡು ದಿನ ಹಿಡಿಯಿತು. ಅದರಲ್ಲಿ ಈ ಸಾಲಿದೆ (ಹೆಸರು ಬದಲಿಸಿದ್ದೇನೆ):

“ಕೆಂಪಮ್ಮ ಕೋಂ ದಾಸೇಗೌಡ ಬಿನ್ ಮರೀಗೌಡ”

ಫೋಟೋ ಕಳಿಸಿದೆ. ಹುಡುಗ ಕಂಪ್ಯೂಟರಿನ ವಂಶವೃಕ್ಷದಲ್ಲಿ ‘ಬಿನ್’ ಅನ್ನುವುದನ್ನು ನಡುವಿನ ಹೆಸರು ಅಂತ ತುಂಬಿ, “ನಮ್ಮಲ್ಲಿ ಅರಬ್ಬರು ಯಾರಾದ್ರೂ ಇದ್ರಾ ಮಾವ?” ಅಂತ ಕೇಳಿದ. ಬಿನ್ ಅಂದರೆ ಮಗ, ಅರಬ್ಬಿಯದೇ ಮಾತು, ಆದರೆ ನಮ್ಮ ಪಹಣಿ, ಖಾತೆಗಳಲ್ಲಿ ಎಲ್ಲ ಜಾತಿಯವರ ಹೆಸರಿಗೂ ಇರುತ್ತದೆ ಅಂತ ಹೇಳಿ ಸಮಾಧಾನ ಮಾಡಿದೆ. ಕೋಂ ಅಂದರೆ ಹೆಂಡತಿ. ಇಷ್ಟು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಆದರೆ ಮೂರು ಹೆಸರು ಸಾಲಾಗಿ ಬಂದಾಗ ಬಿನ್ ಯಾರಿಗೆ ಸೇರುತ್ತದೆ? ದಾಸೇಗೌಡರ ತಂದೆ ಮರೀಗೌಡರೋ, ಕೆಂಪಮ್ಮನ ತಂದೆ ಮರೀಗೌಡರೋ? ಹತ್ತಿರದ ಹೆಸರಿಗೇ ಸೇರುತ್ತದೆ, ಅಂದರೆ ದಾಸೇಗೌಡರ ತಂದೆ ಅಂತ ನನ್ನ ಅಂದಾಜು. ಹಾಗೆ ಬಿಟ್ಟುಬಿಡುತ್ತಿದ್ದೆ. ಆದರೆ ಈಗಿನ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆಯೂ ಬಿನ್ ಅಂತ ಬರೆದದ್ದನ್ನು ನೋಡಿದ್ದೇನೆ, ಮಗಳು ಅನ್ನುವ ಅರ್ಥದಲ್ಲಿ. ಅದು ಈಚಿನವರ ಅಜಾಗರೂಕತೆಯೋ, ಹಿಂದೆಯೂ ಇತ್ತೋ? ಆ ಜಮೀನು ಕೆಂಪಮ್ಮನ ತವರಿನ ಕಡೆಯದು ಅಂತ ಅತ್ತೆ ಬೇರೆ ಹೇಳುತ್ತಾರೆ. ಹಾಗಿದ್ದರೆ ಕೆಂಪಮ್ಮನ ಅಪ್ಪನ ಹೆಸರು ಬರೆಯಲು ಕಾರಣ ಇದೆ. ಆ ತಂದೆಯ ಹೆಸರೇನು ಅಂತ ಅತ್ತೆಯನ್ನು ಕೇಳಿದರೆ, “ಅಜ್ಜಿಯ ಅಪ್ಪನ್ನ ಯಾರು ಹೆಸರಿಡ್ದು ಕೂಗ್ತಿದ್ರಪ್ಪ” ಅಂತಾರೆ. ಎರಡೂ ಕಡೆ ಮರೀಗೌಡ ಅನ್ನುವ ಹೆಸರು ಓಡಾಡುತ್ತಿದೆ. ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು ವಂಶ ಹೇಳುತ್ತಿದ್ದ ಹೆಳವರು ನಮ್ಮೂರಿಗೆ ಬರುವುದು ನಿಂತು ಬಹಳ ದಿನವಾಯಿತು.

ಇನ್ನೊಂದು ಸಣ್ಣ ಪ್ರಶ್ನೆ. ಮರಾಠಿಯ ಹಳೆಯ ಕಾಗದಗಳಲ್ಲೂ ಹೆಂಡತಿ ಅನ್ನುವುದಕ್ಕೆ ‘ಕೋಮ್’ ಇದೆ. ಇದೂ ನಮ್ಮ ‘ಕೋಮು’ವೂ ಒಂದೇ ಮೂಲದವೋ? ಮದುವೆಯಾದ ಮೇಲೆ ಗಂಡನ ಕೋಮಿಗೆ ಸೇರಿದವಳು ಅಂತ ಒಬ್ಬ ಗೆಳೆಯರು ವಿವರಿಸಿದರು. ಕೇಳಲು ಚೆನ್ನಾಗಿದೆ, ಆದರೆ ನನಗೆ ಯಾಕೋ ಕಥೆ ಕಟ್ಟಿದ ಹಾಗೆ ಅನ್ನಿಸಿತು.

ಹಳೆಯ ಕ್ರಯಪತ್ರ, ಭೋಗ್ಯಪತ್ರಗಳನ್ನು ಓದಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ. ನಿಮ್ಮ ಮನೆಯ ಕಾಗದದಲ್ಲಿ ಕೋಂ ಮತ್ತು ಬಿನ್ ಒಂದೇ ಸಾಲಿನಲ್ಲಿ ಬಂದಿದ್ದು, ಆ ಮೂವರು ಯಾರಿಗೆ ಯಾರು ಅಂತ ಖಚಿತವಾಗಿ ಗೊತ್ತಿದ್ದರೆ, ಆ ಒಂದು ಸಾಲು ಬರೆದು ಕಳಿಸಿ. ಹುಡುಗ ಮರೀಗೌಡರ ಚೌಕವನ್ನು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಾನೆ.