‘ಬ್ರೆಡ್‌ಬೋರ್ಡ್ ಎಂಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಮರಗೆಲಸ ಕಲಿಯುತ್ತಿರುವ ಕೆಲವು ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಬ್ರೆಡ್‌ಬೋರ್ಡ್ ಎಂಡ್’ ಅನ್ನೋ ಪದದ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ನಾಲ್ಕೈದು ಹಲಗೆ ಪಕ್ಕಪಕ್ಕ ಅಂಟಿಸಿ ಊಟದ ಮೇಜಿನ ಮೇಲ್ಭಾಗ ಮಾಡಿದಿರಿ ಅಂದುಕೊಳ್ಳಿ. ಅದರ ಎರಡೂ ತುದಿಗೆ, ಹಲಗೆಯ ಎಳೆಗೆ ಅಡ್ಡವಾಗಿ, ಒಂದೊಂದು ಪಟ್ಟಿ ಕೂರಿಸುತ್ತಾರೆ. ಮೇಜು ಬಿಲ್ಲಿನಂತೆ ಬಾಗಬಾರದು, ಕೊಯ್ದ ತುದಿ ಕಾಣಬಾರದು ಅಂತ. ಹಿಟ್ಟು ನಾದುವ, ಬ್ರೆಡ್ ಕೊಯ್ಯುವ ಹಲಗೆಗೆ ಇಂಥ ಪಟ್ಟಿ ಇರುತ್ತಿತ್ತು, ಅದರಿಂದ ಈ ಹೆಸರು. ಎಲೆಕ್ಟ್ರಾನಿಕ್ಸ್ ಹುಡುಗರ ಬ್ರೆಡ್‌ಬೋರ್ಡ್ ಕೂಡ ಆ ಹಲಗೆಯ ಮೊಮ್ಮಗನೇ. ರೇಡಿಯೊ ಹುಚ್ಚಿನ ಹಳಬರು ಅಡುಗೆಮನೆಯ ಹಲಗೆಗೆ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದರು.

‘ಬ್ರೆಡ್ ಹಲಗೆಯ ತುದಿ’ ಅಂತ ಬರೆದರೆ ಓದುವವರು ನಗುತ್ತಾರೆ. ‘ಅಂಚುಪಟ್ಟಿ’ ಚೆನ್ನಾಗಿದೆ, ಆದರೆ ಪ್ಲೈವುಡ್ ಅಂಚಿಗೆ ಅಂಟಿಸುವ ತೆಳು ಪಟ್ಟಿಯೂ ಅದೇ ಆಗಿಬಿಡುತ್ತದೆ. ‘ಅಡ್ಡಪಟ್ಟಿ’ ಹಳೇ ಬಾಗಿಲಿನ ಹಿಂದೆ, ಕೂರುವ ಮಣೆಯ ಕೆಳಗೆ ಇರುವಂಥದ್ದು. ‘ತಲೆಕಟ್ಟು’ ಅಂದರೆ ಅಕ್ಷರದ ತಲೆಕಟ್ಟು ನೆನಪಾಗುತ್ತದೆ! ಸದ್ಯಕ್ಕೆ ‘ತಲೆಪಟ್ಟಿ’ ಅಂತ ಬರೆದುಕೊಂಡಿದ್ದೇನೆ.

ನನ್ನ ನಿಜವಾದ ತೊಡಕು ಇನ್ನೊಂದು ಪದದ್ದು, ಈ ಪಟ್ಟಿ ಕೂರಿಸುವಾಗ ಕೊರೆಯುವ ಒಂದು ಉದ್ದ ತೂತಿನದು. ಅದು ಯಾಕೆ ಬೇಕು ಅಂತ ಮೊದಲು ಹೇಳುತ್ತೇನೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಹಸಿಮರ ಪೂರ್ತಿ ಒಣಗಿದರೂ ಉದ್ದದಲ್ಲಿ ಕುಗ್ಗುವುದು ಸಾಮಾನ್ಯವಾಗಿ ಶೇ 0.1ರಿಂದ 0.2ರಷ್ಟು. ಅಗಲದ ಲೆಕ್ಕವೇ ಬೇರೆ. ಶಾಂತಸ್ವಭಾವದ ತೇಗವೂ ಅಗಲದಲ್ಲಿ ಶೇ 5ರ ಆಸುಪಾಸು ಕುಗ್ಗಬಹುದು. ಒಣಗಿಸಿದ ಮರವೂ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುತ್ತಲೇ ಇರುತ್ತದೆ. ತಲೆಪಟ್ಟಿ ಹಾಗೇ ನಿಂತಿರುತ್ತದೆ, ಹಲಗೆ ಮಾತ್ರ ಅದರೊಳಗೆ ಅತ್ತಿತ್ತ ಸರಿಯುತ್ತದೆ. ಅದಕ್ಕೇ ಹಲಗೆಯ ತುದಿಯನ್ನು ಮೇಲೆ ಕೆಳಗೆ ಕೆತ್ತಿ ನಡುವೆ ತೆಳು ಚಾಚು, ಅಂದರೆ ನಾಲಿಗೆ, ತೆಗೆದು, ಅಲ್ಲಲ್ಲಿ ಅದನ್ನೇ ಉದ್ದ ಬಿಟ್ಟು, ಪಟ್ಟಿಯ ತೋಡಿಗೂ ಕುಳಿಗೂ ಕೂರಿಸಬೇಕು. ಅಂಟು ನಡುವೆ ಮಾತ್ರ. ಪಕ್ಕದ ನಾಲಿಗೆಗಳಿಗೆ ಅಂಟಿಲ್ಲದೆ ಮರದ ಗೂಟ. ಆ ಗೂಟ ದಾಟುವ ತೂತು ಪಟ್ಟಿಯಲ್ಲಿ ದುಂಡಗೆ, ನಾಲಿಗೆಯಲ್ಲಿ ಮಾತ್ರ ಅಡ್ಡಕ್ಕೆ ಉದ್ದ.

ನಮ್ಮನೆ ಮೇಜಿಗೆ ಪಟ್ಟಿಯ ಉದ್ದಕ್ಕೂ ಧಾರಾಳವಾಗಿ ಅಂಟು ಬಳಿದಿದ್ದರು. ಮೊದಲ ಬೇಸಿಗೆಗೇ ನಡುವೆ ಬಿರುಕು. ಅಡುಗೆಮನೆಯಿಂದ ಕೇಳುವಷ್ಟು ಸದ್ದು.

ಈ ಉದ್ದ ತೂತಿಗೆ ‘ಸ್ಲಾಟ್’ ಅಂತ ಬರೆದು ಸುಮ್ನೆ ಮುಂದೆ ಹೋಗಬಹುದು. ಆದರೆ ತೂತು ಯಾಕೆ ಉದ್ದ ಅನ್ನೋದು ಆ ಪದದಲ್ಲಿ ಕಾಣುವುದಿಲ್ಲ. ‘ಸಡಿಲ ತೂತು’ ಅಂದರೆ ಕೆಲಸ ಕೆಟ್ಟಿದೆ ಅನ್ನಿಸುತ್ತದೆ. ನನಗೆ ಹೊಳೆದದ್ದು ‘ಆಡು’. ಹಲ್ಲು ಆಡುತ್ತದೆ, ಕೀಲು ಆಡುತ್ತದೆ, ಗಾಳಿ ಆಡಲು ಕಿಂಡಿ ಬಿಡುತ್ತೇವೆ, ಅಲ್ವಾ? ಹಾಗಾದರೆ ಮರ ಆಡಲು ಬಿಟ್ಟ ತೂತು ‘ಆಡುಗಂಡಿ’. ‘ಆಡು’ ಅಂದರೆ ಮೇಕೆ ಅಂತ ನಮ್ಮ ಮನೆಯಲ್ಲಿ ಆಗಲೇ ತಮಾಷೆ ಶುರುವಾಗಿದೆ. ಮಾತಿನ ನಡುವೆ ಬಂದಾಗ ಗೊಂದಲ ಆಗಲಿಕ್ಕಿಲ್ಲ ಅಂದುಕೊಂಡಿದ್ದೇನೆ.

ಪಟ್ಟಿಯನ್ನು ಒಂದು ಬದಿಯಿಂದ ಜಾರಿಸಿ ಕೂರಿಸುವ ಡವ್‌ಟೇಲ್ (ಬುಡಕ್ಕಿಂತ ತುದಿ ಅಗಲವಾದ ಜೋಡಣೆ) ಬಗೆಯೂ ಇದೆ. ಅದನ್ನು ‘ಪಾರಿವಾಳದ ಬಾಲ’ ಮಾಡುವ ಉದ್ದೇಶ ನನಗಿಲ್ಲ, ಡವ್‌ಟೇಲ್ ಅಂತಲೇ ಇರಲಿ.

ನಿಮ್ಮ ಕಡೆಯ ಬಡಗಿಗಳ ಬಾಯಲ್ಲಿ ಈ ಪಟ್ಟಿಗೆ, ಈ ಉದ್ದ ತೂತಿಗೆ ಬೇರೆ ಹೆಸರಿದೆಯೇ? ಮಲೆನಾಡು, ಕರಾವಳಿಯ ಹಲಸಿನ ಮರದ ಕೆಲಸದವರ ಮಾತು ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಆಡುಗಂಡಿ ಕಿವಿಗೆ ಹಿಡಿಸದಿದ್ದರೆ ಅದನ್ನೂ ಮುಲಾಜಿಲ್ಲದೆ ಹೇಳಿ.