ನಾಲ್ಕು ದೇಶಕ್ಕೆ ಒಂದೇ 360 ಡಿಗ್ರಿ ಫೀಡ್‌ಬ್ಯಾಕ್: ಹಾಫ್‌ಸ್ಟೆಡ್ ಅಂಕಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ (ಬಹುರಾಷ್ಟ್ರೀಯ_ಎಚ್‌ಆರ್)
ಮಲೇಷ್ಯಾ, ಜಪಾನ್, ಜರ್ಮನಿ, ಸ್ವೀಡನ್‌ಗಳಲ್ಲಿ ಕಚೇರಿ ಇರುವ ಕಂಪನಿಯಲ್ಲಿ 360 ಡಿಗ್ರಿ ಫೀಡ್‌ಬ್ಯಾಕ್ (ಮೇಲಧಿಕಾರಿ, ಸಹೋದ್ಯೋಗಿ, ಕೈಕೆಳಗಿನವರು ಎಲ್ಲರಿಂದಲೂ ಒಬ್ಬರ ಬಗ್ಗೆ ಅಭಿಪ್ರಾಯ ಪಡೆಯುವ ಪದ್ಧತಿ) ಜಾರಿಗೆ ತರಬೇಕಿದೆ. ದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆಯುವ ಹಾಫ್‌ಸ್ಟೆಡ್ ಪಟ್ಟಿಯಲ್ಲಿ 'ಅಧಿಕಾರ ಅಂತರ' (ಅಧಿಕಾರದ ಮೇಲು-ಕೀಳನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆ) ಮಲೇಷ್ಯಾಕ್ಕೆ 104, ಜಪಾನಿಗೆ 54, ಜರ್ಮನಿಗೆ 35, ಸ್ವೀಡನ್‌ಗೆ 31. ಇದನ್ನು ನೋಡಿ ದೇಶಕ್ಕೊಂದು ಫಾರ್ಮ್ ಮಾಡಬೇಕೇ? ಇನ್ನೊಂದು: ಜಪಾನ್ ತಂಡ ಮೀಟಿಂಗ್‌ನಲ್ಲಿ ತಕರಾರು ಎತ್ತುವುದಿಲ್ಲ, ಆದರೆ ಆಮೇಲೆ ಒಪ್ಪಿಗೆಯೂ ಬರುವುದಿಲ್ಲ. ಏನು ಮಾಡುವುದು?

ಉತ್ತರ 1 (ಅಂಕಿಸಂಖ್ಯೆ)
ಆ ಅಂಕಗಳ ಮೂಲ 1967ರಿಂದ 1973ರವರೆಗೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳು. ಒಂದೇ ಕಂಪನಿಯ ಜನ, ಅರ್ಧ ಶತಮಾನದ ಹಿಂದಿನ ಮಾತು. ಅಳತೆಪಟ್ಟಿಯನ್ನು ಮೊದಲು ರೂಪಿಸಿದ್ದು ಸುಮಾರು 0ರಿಂದ 100ಕ್ಕೆ. ಮಲೇಷ್ಯಾ ನಂತರ ಸೇರಿದ್ದರಿಂದ 104 ಬಂತು, ಅದರಲ್ಲಿ ಬೇರೆ ರಹಸ್ಯವಿಲ್ಲ. ಮುಖ್ಯವಾಗಿ ಇವು ದೇಶದ ಸರಾಸರಿಗಳು. ಕ್ವಾಲಾಲಂಪುರದ ನಿಮ್ಮ ಎಂಜಿನಿಯರ್ ಹೇಗೆ ನಡೆದುಕೊಳ್ಳುತ್ತಾರೆ ಎಂದು ಇದರಿಂದ ಊಹಿಸುವುದು ಅಂಕಿಅಂಶವನ್ನು ತಪ್ಪಾಗಿ ಬಳಸಿದಂತೆ. 35 ಮತ್ತು 31ರ ನಡುವಿನ ವ್ಯತ್ಯಾಸಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. 104 ಮತ್ತು 31ರ ಅಂತರವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಫಾರ್ಮ್ ಒಂದೇ ಇರಲಿ, ವಿಧಾನ ಬದಲಾಗಲಿ. ಮೇಲಧಿಕಾರಿಯನ್ನು ಎದುರು ಹಾಕಿಕೊಳ್ಳಲು ಅಂಜುವ ಕಡೆ ಅಭಿಪ್ರಾಯ ಕೊಟ್ಟ ಕೈಕೆಳಗಿನವರು ಐದು ಮಂದಿಗಿಂತ ಕಡಿಮೆ ಇದ್ದರೆ ಆ ವಿಭಾಗದ ವರದಿಯನ್ನೇ ತೋರಿಸಬೇಡಿ. ಬರೆದ ಟಿಪ್ಪಣಿಯನ್ನು ಇದ್ದಂತೆಯೇ ಕೊಡಬೇಡಿ, ಬರವಣಿಗೆಯ ಧಾಟಿಯಿಂದಲೇ ಯಾರೆಂದು ಗೊತ್ತಾಗುತ್ತದೆ. ಮೊದಲ ಸುತ್ತಿನ ಫಲಿತಾಂಶವನ್ನು ಸಂಬಳ, ಬಡ್ತಿಗೆ ಜೋಡಿಸಬೇಡಿ. ಜೋಡಿಸಿದರೆ ಎಲ್ಲರಿಗೂ 5ಕ್ಕೆ 5 ಬರುತ್ತದೆ.

ಉತ್ತರ 2 (ರಿಂಗಿ_ಕಡತ)
ಜಪಾನ್ ವಿಷಯದಲ್ಲಿ ಅಧಿಕಾರ ಅಂತರ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಶ್ರೇಣಿ ಗಟ್ಟಿ, ಆದರೂ ಮೇಲಿನವರು ಒಬ್ಬರೇ ನಿರ್ಧರಿಸುವುದಿಲ್ಲ. ಅದೇ ಪಟ್ಟಿಯಲ್ಲಿ ಜಪಾನಿಗಿರುವ ಅನಿಶ್ಚಿತತೆ ತಪ್ಪಿಸುವಿಕೆಯ (ಅಸ್ಪಷ್ಟ ಸ್ಥಿತಿಗೆ ಜನ ಎಷ್ಟು ಅಂಜುತ್ತಾರೆ ಎಂಬ ಅಳತೆ) 92 ಅಂಕ ನಿಮಗೆ ಹೆಚ್ಚು ಉಪಯುಕ್ತ.

ಮೀಟಿಂಗ್ ಎಂದರೆ ಆಗಲೇ ಕುದುರಿದ ಒಪ್ಪಂದಕ್ಕೆ ಮುದ್ರೆ ಒತ್ತುವ ಜಾಗ. ಕೆಲಸ ನಡೆಯುವುದು ಅದಕ್ಕೂ ಮೊದಲು, ನೆಮವಾಶಿಯಲ್ಲಿ, ಅಂದರೆ ತೆರೆಮರೆಯಲ್ಲಿ ಒಬ್ಬೊಬ್ಬರ ಒಪ್ಪಿಗೆ ಪಡೆಯುವ ತಯಾರಿಯಲ್ಲಿ. ಯಾವ ವಿಭಾಗಗಳಿಗೆ ಬಿಸಿ ತಟ್ಟುತ್ತದೆ ಎಂದು ಪಟ್ಟಿ ಮಾಡಿ, ಪ್ರತಿ ವಿಭಾಗದ ಮಧ್ಯಮ ಹಂತದ ಮ್ಯಾನೇಜರ್ ಜೊತೆ ಒಬ್ಬೊಬ್ಬರಾಗಿ ಮಾತಾಡಿ. ಕರಡನ್ನು ಮೊದಲೇ ಕೊಡಿ, ಆಕ್ಷೇಪಗಳನ್ನು ಅದರಲ್ಲೇ ತಿದ್ದಿ. ಆಮೇಲೆ ಸ್ಥಳೀಯ ತಂಡವೇ ರಿಂಗಿ ಪತ್ರ (ಎಲ್ಲರ ಸಹಿಗಾಗಿ ಸುತ್ತುವ ಪ್ರಸ್ತಾವ) ಬರೆದು, ಕೆಳಗಿನಿಂದ ಮೇಲಕ್ಕೆ ಸಹಿಗೆ ಕಳಿಸಲಿ. ಪತ್ರ ಮೇಲೆ ಮುಟ್ಟುವ ಹೊತ್ತಿಗೆ 'ಇಲ್ಲ' ಎನ್ನುವವರು ಉಳಿದಿರಬಾರದು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಮುಖ್ಯ ಕಚೇರಿಯವರು ಮೀಟಿಂಗ್‌ನಲ್ಲೇ ಹೊಸ ಅಂಶ ಎಸೆಯುವುದು: ಯಾರಿಗೂ ತಯಾರಿ ಇರುವುದಿಲ್ಲ, ಎಲ್ಲರೂ ಮೌನ, ಆ ಮೌನವನ್ನೇ ಇವರು ಸಮ್ಮತಿ ಎಂದು ನಡಾವಳಿಯಲ್ಲಿ ಬರೆಯುತ್ತಾರೆ. ಇನ್ನೊಂದು, ಸಹಿ ಬಿದ್ದ ಮೇಲೆ ದಿನಾಂಕವನ್ನೋ ವೆಚ್ಚವನ್ನೋ ಬದಲಿಸುವುದು. ಸುತ್ತು ಮತ್ತೆ ಮೊದಲಿನಿಂದ ಶುರುವಾಗಬಹುದು. ನಿರ್ಧಾರ ನಿಧಾನ ಎಂದು ಬೈಯುವವರು ಜಾರಿ ಎಷ್ಟು ಬೇಗ ಆಗುತ್ತದೆ ಎಂಬುದನ್ನು ಲೆಕ್ಕ ಹಾಕಿರುವುದಿಲ್ಲ.

ಉತ್ತರ 3 (ಷರತ್ತು_ಅನ್ವಯ)
ಜರ್ಮನಿಗೆ ಸಂಸ್ಕೃತಿಯ ಪಟ್ಟಿ ತೆರೆಯುವ ಮೊದಲು ಕಾನೂನು ತೆರೆಯಿರಿ. ಅಲ್ಲಿನ ಉದ್ಯಮ ಸಂಘಟನಾ ಕಾಯ್ದೆಯ 94ನೇ ಕಲಮಿನಂತೆ, ಕಾರ್ಮಿಕ ಮಂಡಳಿ (ನೌಕರರೇ ಆರಿಸಿದ ಪ್ರತಿನಿಧಿಗಳ ಸಮಿತಿ) ಇರುವ ಕಡೆ ಸಾಮಾನ್ಯ ಮೌಲ್ಯಮಾಪನ ಮಾನದಂಡಗಳಿಗೆ ಅದರ ಒಪ್ಪಿಗೆ ಬೇಕು. ನೌಕರರ ಸಾಧನೆಯನ್ನು ಗಮನಿಸಬಲ್ಲ ಸಾಫ್ಟ್‌ವೇರ್ ಆದರೆ 87ನೇ ಕಲಮೂ ಬರುತ್ತದೆ. ಪ್ರಶ್ನೆಗಳು, ಯಾರು ನೋಡುತ್ತಾರೆ, ದತ್ತಾಂಶ ಯಾವಾಗ ಅಳಿಸುತ್ತೀರಿ ಎಂಬುದನ್ನೆಲ್ಲ ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಮಂಡಳಿಯ ಮುಂದಿಡಿ. ಸ್ವೀಡನ್‌ನಲ್ಲೂ ದೊಡ್ಡ ಬದಲಾವಣೆಗೆ ಮುನ್ನ ಕಾರ್ಮಿಕ ಸಂಘದ ಜೊತೆ ಮಾತುಕತೆ ಆಗಲೇಬೇಕು, 1976ರ ಸಹನಿರ್ಧಾರ ಕಾಯ್ದೆ ಹಾಗೆ ಹೇಳುತ್ತದೆ.

ಅಮೆರಿಕದ ಚಿಲ್ಲರೆ ಮಳಿಗೆ ಕಂಪನಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಹೊರಬಿದ್ದದ್ದಕ್ಕೆ 'ಗ್ರಾಹಕರನ್ನು ಕಂಡು ನಗಬೇಕೆಂಬ ನಿಯಮ' ಕಾರಣ ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಅದು ಕಥೆಯ ಸಣ್ಣ ಚೂರು. ಅಲ್ಲಿನ ಅಗ್ಗದ ಮಳಿಗೆಗಳಾದ ಆಲ್ಡಿ, ಲಿಡ್ಲ್‌ಗಳ ಜೊತೆ ಬೆಲೆಯ ಪೈಪೋಟಿ ಒಂದು ಕಡೆ, ಕೊಂಡ ಬೆಲೆಗಿಂತ ಕಡಿಮೆಗೆ ಮಾರದಂತೆ 2000ರಲ್ಲಿ ಸ್ಪರ್ಧಾ ಪ್ರಾಧಿಕಾರ ಹಾಕಿದ ತಡೆ ಇನ್ನೊಂದು ಕಡೆ. ವಾಲ್‌ಮಾರ್ಟ್‌ನ ನೌಕರರ ನೀತಿಸಂಹಿತೆಯ ಹಲವು ಅಂಶಗಳನ್ನು 2005ರಲ್ಲಿ ವುಪ್ಪರ್ಟಾಲ್ ಕಾರ್ಮಿಕ ನ್ಯಾಯಾಲಯ ತಳ್ಳಿಹಾಕಿತು.

ಪ್ರಶ್ನೆ (ಬಹುರಾಷ್ಟ್ರೀಯ_ಎಚ್‌ಆರ್)
ಉಪಯೋಗವಾಯಿತು. ಫಲಿತಾಂಶ ಬಂದ ಮೇಲೆ ನಾಲ್ಕೂ ದೇಶಗಳ ಸರಾಸರಿ ಹೋಲಿಸಬಹುದೇ?

ಉತ್ತರ 4 (ಅಂಕಿಸಂಖ್ಯೆ)
ಬೇಡ. ಪೂರ್ವ ಏಷ್ಯಾದಲ್ಲಿ ಅಳತೆಪಟ್ಟಿಯ ನಡುವಿನ ಅಂಕ ಗುರುತಿಸುವ ಒಲವು ಸಮೀಕ್ಷೆಗಳಲ್ಲಿ ಹಲವು ಸಲ ಕಂಡಿದೆ. ಟೋಕಿಯೋದ 3.4 ಸ್ಟಾಕ್‌ಹೋಮ್‌ನ 4.1ಕ್ಕಿಂತ ಕಳಪೆ ಎಂದು ಹೇಳಲಾಗದು. ಒಬ್ಬ ಮ್ಯಾನೇಜರ್‌ನ ಅಂಕವನ್ನು ಅದೇ ದೇಶದ ಉಳಿದವರ ಜೊತೆ, ಅಥವಾ ಅವರದೇ ಹಿಂದಿನ ಸುತ್ತಿನ ಜೊತೆ ಹೋಲಿಸಿ. ಪ್ರಶ್ನೆಗಳನ್ನು ಒಬ್ಬರು ಅನುವಾದಿಸಲಿ, ಮೂಲ ನೋಡದ ಇನ್ನೊಬ್ಬರು ಮರಳಿ ಅನುವಾದಿಸಲಿ. 'ಮೇಲಧಿಕಾರಿಯ ಮಾತನ್ನು ಧೈರ್ಯವಾಗಿ ಪ್ರಶ್ನಿಸುತ್ತಾರೆ' ಎಂಬಂಥ ವಾಕ್ಯವನ್ನು ಎಲ್ಲ ಭಾಷೆಗಳಿಂದಲೂ ತೆಗೆಯಿರಿ. ಕೆಲವು ಕಡೆ ಅದು ಹೊಗಳಿಕೆ, ಕೆಲವು ಕಡೆ ದೂರು. ಅದರ ಬದಲು 'ಯೋಜನೆಯ ಅಪಾಯವನ್ನು ಗಡುವಿಗೆ ಮೊದಲೇ ತಿಳಿಸುತ್ತಾರೆ' ಎಂದು ಕಣ್ಣಿಗೆ ಕಾಣುವ ನಡೆಯನ್ನು ಕೇಳಿ.