ಕಾಡಿನವರು ಮಾತ್ರೆ ನುಂಗಲ್ವಾ?

ಗುಂಪು: ಶಿವಮೊಗ್ಗ ನರ್ಸಿಂಗ್ ಬ್ಯಾಚ್

ರೇಖಾ: (ಫಾರ್ವರ್ಡ್) "ಕಾಡಿನ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ. ಮನೋರೋಗದ ಮಾತ್ರೆ ಒಲೆಗೆ ಹಾಕಿ ಚೌಡಿ ಬನಕ್ಕೆ ಓಡ್ತಾರೆ." ಹೊಸನಗರದ ಕಡೆಯೂ ಹೀಗೇ.

ಸತೀಶ: ಯಾರು ಬರೆದದ್ದು? ಎಲ್ಲಿಯ ಲೆಕ್ಕ? ಕೊರೊನಾದಲ್ಲಿ ಕಷಾಯದ ಮೆಸೇಜ್ ಹಾಕಿದವಳೂ ನೀನೇ.

ರೇಖಾ: ಅದನ್ನ ಇನ್ನೂ ಬಿಟ್ಟಿಲ್ವಾ ಮಾರಾಯ?

ಸುಮಿತ್ರಾ: ಒಲೆಗೆ ಯಾಕೆ ಹಾಕ್ತಾರೆ ಅಂತ ಯಾರಾದ್ರೂ ಕೇಳಿದೀರಾ? ಮನೋರೋಗದ ಮಾತ್ರೆ ಹಾಲೊಪೆರಿಡಾಲ್ 5 ಎಂಜಿ ಶುರು ಮಾಡಿ, ಜೊತೆಗೆ ಅದರ ಅಡ್ಡಪರಿಣಾಮ ತಡೆಯೋ ಟ್ರೈಹೆಕ್ಸಿಫೆನಿಡಿಲ್ 2 ಎಂಜಿ ಇಲ್ಲದೆ ಕಳಿಸಿದ್ರೆ ಕೆಲವರಿಗೆ ಎರಡು ಮೂರು ದಿನದಲ್ಲೇ ಕತ್ತು ಒಂದು ಕಡೆಗೆ ತಿರುಚುತ್ತೆ, ಕಣ್ಣುಗುಡ್ಡೆ ಮೇಲೆ ಹೋಗಿ ನಿಲ್ಲುತ್ತೆ, ನಾಲಿಗೆ ಹೊರಳಲ್ಲ. ಅದನ್ನ ನೋಡಿದ ನಮ್ಮ ಕಾಡಿನ ಹಸಲರ ಸಮುದಾಯದ ಮನೆಯವರು ಚೌಡಿ ಕೋಪ ಅಂದ್ರೆ ತಪ್ಪೇನು? ಹೀಗಾಗಬಹುದು ಅಂತ ನಾವು ಮೊದಲೇ ಹೇಳಿರಲ್ಲ. ಈ ತಿರುಚು ಬಿಡಿಸೋ ಫೆನರ್ಗಾನ್ ಇಂಜೆಕ್ಷನ್ 25 ಎಂಜಿ ಸ್ನಾಯುವಿಗೆ ಕೊಟ್ರೆ ಸಾಮಾನ್ಯವಾಗಿ ಅರ್ಧ ಗಂಟೇಲಿ ಕತ್ತು ಸಡಿಲ ಆಗುತ್ತೆ.

ಪದ್ಮಾವತಿ ಮೇಡಂ: ಮಕ್ಕಳೇ, ರೋಗಿಗೆ ಗೌರವ ಕೊಡಿ ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದೆ.

ನಾಗರಾಜ: ಆ ಕ್ಲಾಸ್ ಮುಗಿಸಿ ಗೋಪಿ ಸರ್ಕಲ್ಲಲ್ಲಿ ಮಂಡಕ್ಕಿ ತಿಂತಿದ್ವಲ್ಲ ಮೇಡಂ!

ಸತೀಶ: ನಾಗ, ಈಗ ಬೇಡ.

ಸುಮಿತ್ರಾ: ಗೌರವ ಒಂದೇ ಸಾಲದು ಮೇಡಂ. ನ್ಯೂಜಿಲೆಂಡಿನಲ್ಲಿ ಇದನ್ನ ಎತ್ತಿದ್ದೂ ಒಬ್ಬ ನರ್ಸೇ, ಮಾವೋರಿ ಸಮುದಾಯದ ಇರಿಹಪೇಟಿ ರಾಮ್ಸ್‌ಡೆನ್. ತನ್ನ ಜನ, ತನ್ನ ನಂಬಿಕೆ ಕುಗ್ಗದ ಹಾಗೆ ನೋಡ್ಕೊಂಡ್ರಾ ಅನ್ನೋದನ್ನ ರೋಗಿಯೇ ಹೇಳ್ಬೇಕು, ನಾವಲ್ಲ ಅಂದ್ರು. 1992ರಿಂದ ಅಲ್ಲಿ ನರ್ಸಿಂಗ್ ಓದಿಗೆ ಅದು ಕಡ್ಡಾಯ. ನಮ್ಮಲ್ಲಿ ಹಕ್ಕಿಪಿಕ್ಕಿ ಹೆಂಗಸು ತನ್ನ ವಾಗ್ರಿ ಭಾಷೆಯಲ್ಲಿ ಹೇಳ್ಕೊಂಡು ಅಳ್ತಿದ್ರೆ, "ಸಾಯೋ ಯೋಚನೆ ಬರುತ್ತಾ ಕೇಳು" ಅಂತ ಅವಳ ಹತ್ತು ವರ್ಷದ ಮಗನ ಬಾಯಲ್ಲಿ ಕೇಳಿಸ್ತೀವಿ. ಮಗನೆದುರು ಯಾವ ತಾಯಿ ಹೌದು ಅಂತಾಳೆ? ಅವಳೇ ಒಪ್ಪಿದ ದೊಡ್ಡ ಹೆಂಗಸೊಬ್ಬಳನ್ನ ಪಕ್ಕದಲ್ಲಿ ಕೂರಿಸ್ಬೇಕು.

ರೇಖಾ: ಹಾಗಂತ ಪೂಜೆ ಮಾಡಿಸಿ ಅನ್ಬೇಕಾ?

ಸುಮಿತ್ರಾ: ಪೂಜೆ ಬಿಡಿ ಅನ್ಬೇಡ, ಅಷ್ಟೇ. ಹರಕೆ ಯಾವತ್ತು, ಉಪವಾಸ ಉಂಟಾ ಕೇಳು. ಮನಸ್ಸಿನ ಏರಿಳಿತಕ್ಕೆ ಲಿಥಿಯಂ ಮಾತ್ರೆ ತಗೊಳ್ಳೋರು ನೀರೂ ಬಿಟ್ಟು ಕೂತ್ರೆ ರಕ್ತದಲ್ಲಿ ಅದು ಏರುತ್ತೆ. ಕೈ ನಡುಕ, ವಾಂತಿ, ಭೇದಿ. ಹೊಡೆದ್ರೆ, ಕಟ್ಟಿ ಹಾಕಿದ್ರೆ ಮಾತ್ರ ತಡಿ. ಸರಪಳಿ ಹಾಕೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ನಿಷೇಧ.

ಪದ್ಮಾವತಿ ಮೇಡಂ: ಸತೀಶ, ರೇಖಾಗೆ ಹಾಗೆ ಅಂದಿದ್ದು ಸರಿಯಲ್ಲ.

ಸತೀಶ: ಫಾರ್ವರ್ಡ್ ತೆಗೀಲಿ ಮೇಡಂ, ಕ್ಷಮೆ ಕೇಳ್ತೀನಿ.

ರೇಖಾ: ತೆಗೆದೆ. ಸುಮಿ, ಮಳೆಗಾಲದಲ್ಲಿ ಬಸ್ಸೇ ಬರದ ಊರಿಗೆ, ದಿನಾ ಮಾತ್ರೆ ಬದಲು ವಾರಗಟ್ಟಲೆ ಕೆಲಸ ಮಾಡೋ ಫ್ಲುಫೆನಾಜಿನ್ ಇಂಜೆಕ್ಷನ್ ತಲುಪಿಸೋಕೆ ಎಂತ ಮಾಡೋದು?

ಸುಮಿತ್ರಾ: ಆರಿದ್ರಾ ಮಳೆ ಹಿಡಿಯೋಕೆ ಮುಂಚೆ ಹೆಸರಿನ ಪಟ್ಟಿ ಮಾಡಿ, ಮೂರು ತಿಂಗಳಿಗಾಗುವಷ್ಟು ಉಪಕೇಂದ್ರದಲ್ಲಿ ಇಡಿಸು. ಡಾಕ್ಟರು ಬರೆದ ಹಾಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಪಕ್ಕದಲ್ಲೇ ಫೆನರ್ಗಾನ್ ಇರ್ಲಿ.

ನಾಗರಾಜ: ಆ ಮಂಡಕ್ಕಿ ಗಾಡಿ ಈಗಲೂ ಉಂಟಾ?